ಮೆಡಿಕಲ್ ಸೀಟು: ವಯಸ್ಸಿನ ಗೋಡೆ ಬಿತ್ತು, ಏಳು ವರ್ಷದ ಲೆಕ್ಕ ಉಳಿಯಿತು

‘ಮೆಡಿಕಲ್ ಸೀಟಿಗೆ ಇನ್ನು ಡೊಮಿಸೈಲ್ ಬೇಡವಂತೆ, ಸುಪ್ರೀಂ ಕೋರ್ಟ್ ತೆಗೆದು ಹಾಕಿದೆಯಂತೆ.’ 2025ರ ಜನವರಿಯ ತೀರ್ಪಿನ ನಂತರ ಇಂಥ ಮಾತು ಕರಾವಳಿಯ ಮನೆಮನೆಗಳಲ್ಲಿ ಓಡಾಡುತ್ತಿದೆ. ಇದರ ಜೊತೆಗೆ ಇನ್ನೊಂದು ಮಾತೂ ಇದೆ: ‘ಇಪ್ಪತ್ತೈದು ದಾಟಿದರೆ ನೀಟ್ ಬರೆಯಲಿಕ್ಕೆ ಆಗುವುದಿಲ್ಲ.’ ಈ ಎರಡೂ ಮಾತುಗಳು ತಪ್ಪು. ಡೊಮಿಸೈಲ್ ನಿಯಮ ಎಂಬಿಬಿಎಸ್‌ಗೆ ಹಾಗೆಯೇ ಇದೆ. ವಯಸ್ಸಿನ ಮೇಲ್ಮಿತಿ ಮಾತ್ರ ಹೋಗಿದೆ. ಇದ್ದದ್ದನ್ನು ಇಲ್ಲವೆಂದು, ಇಲ್ಲದ್ದನ್ನು ಇದೆಯೆಂದು ತಿಳಿದುಕೊಂಡರೆ ನಷ್ಟ ನಮಗೇ.

ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಿಗೆ ಈ ವಿಷಯ ಸ್ವಲ್ಪ ಹೆಚ್ಚೇ ತಾಗುತ್ತದೆ. ಕಾರಣ ಮೂರು. ಒಂದು, ಇಲ್ಲಿಯ ಎಷ್ಟೋ ಸಂಸಾರಗಳು ಗಲ್ಫ್‌ನಲ್ಲಿ ಬೆಳೆದವು. ಮಕ್ಕಳ ಶಾಲೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಎರಡು, ನಮ್ಮಲ್ಲಿ ಸಂಬಂಧಗಳು ರಾಜ್ಯದ ಗಡಿ ನೋಡಿ ಕೂಡುವುದಿಲ್ಲ. ಮಂಜೇಶ್ವರ, ಕಾಸರಗೋಡಿನಿಂದ ಮಂಗಳೂರು, ಉಡುಪಿ ದಾಟಿ ಭಟ್ಕಳದವರೆಗೆ ಹೆಣ್ಣುಮಕ್ಕಳು ಮದುವೆಯಾಗಿ ಬರುತ್ತಾರೆ, ಹೋಗುತ್ತಾರೆ. ಮೂರು, ಪಿಯುಸಿ ಸೈನ್ಸ್ ಮುಗಿಸಿ ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾದ ಮೇಲೆ ‘ಈಗ ಓದಬಹುದಾ?’ ಎಂದು ಕೇಳುವ ಹೆಣ್ಣುಮಕ್ಕಳು, ನರ್ಸಿಂಗ್, ಫಾರ್ಮಸಿ, ಲ್ಯಾಬ್ ಕೆಲಸದಲ್ಲಿದ್ದು ಡಾಕ್ಟರ್ ಆಗುವ ಆಸೆ ಬಿಡದವರು ಇದ್ದಾರೆ. ಇವರಿಗೆ ಉತ್ತರ ಹೇಳಬೇಕಾದರೆ ನಿಯಮವನ್ನು ಒಮ್ಮೆ ಬಿಡಿಸಿ ನೋಡಬೇಕು.

ವಯಸ್ಸಿನ ಕತೆ

ನೀಟ್ ಬರೆಯಲು ಸಾಮಾನ್ಯ ವರ್ಗಕ್ಕೆ 25, ಮೀಸಲು ವರ್ಗಕ್ಕೆ 30 ವರ್ಷ ಎಂಬ ಮೇಲ್ಮಿತಿ 2017ರಲ್ಲಿ ಬಂತು. ಅಂದಿನ ಮೆಡಿಕಲ್ ಕೌನ್ಸಿಲ್ 2018ರ ಜನವರಿಯಲ್ಲಿ ಅದನ್ನು ನಿಯಮಕ್ಕೇ ಸೇರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ದಿಲ್ಲಿ ಹೈಕೋರ್ಟ್ ವಯೋಮಿತಿಯನ್ನು ಎತ್ತಿ ಹಿಡಿಯಿತು. ಆದರೆ ಓಪನ್ ಸ್ಕೂಲ್‌ನಲ್ಲಿ ಹನ್ನೆರಡನೆಯದು ಮುಗಿಸಿದವರನ್ನು ಹೊರಗಿಡುವ ಷರತ್ತನ್ನು ರದ್ದು ಮಾಡಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, 25 ದಾಟಿದವರೂ ಮುಂದಿನ ನೀಟ್‌ಗೆ ಅರ್ಜಿ ಹಾಕಬಹುದು, ಆದರೆ ಅದು ಅಂತಿಮ ತೀರ್ಪಿಗೆ ಒಳಪಟ್ಟಿರುತ್ತದೆ ಎಂದಿತು. ಹೀಗೆ ಕೆಲವು ವರ್ಷ ಅರ್ಜಿ ಹಾಕಿದವರೆಲ್ಲ ತೂಗುಯ್ಯಾಲೆಯಲ್ಲಿದ್ದರು.

ಆ ತೂಗಾಟ ನಿಂತದ್ದು ಮೆಡಿಕಲ್ ಕೌನ್ಸಿಲ್ ಹೋಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, ಬಂದ ಮೇಲೆ. 2021ರ ಅಕ್ಟೋಬರ್ 21ರ ಸಭೆಯಲ್ಲಿ ಮೇಲ್ಮಿತಿ ಬೇಡವೆಂದು ಆಯೋಗ ತೀರ್ಮಾನಿಸಿತು. 2022ರ ಮಾರ್ಚ್ 9ರಂದು ನೀಟ್ ನಡೆಸುವ ಸಂಸ್ಥೆಗೆ ಪತ್ರ ಬರೆದು ತಿಳಿಸಿತು. ಈಗ ಕನಿಷ್ಠ 17 ವರ್ಷ ತುಂಬಬೇಕು ಎಂಬುದೊಂದೇ ವಯಸ್ಸಿನ ಷರತ್ತು. ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಲೆಕ್ಕವಿಲ್ಲ. 2020ರಲ್ಲಿ ಒಡಿಶಾದ 64 ವರ್ಷದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ನೀಟ್ ಪಾಸಾಗಿ ಬುರ್ಲಾದ ಸರಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ್ದು ಸುದ್ದಿಯಾಗಿತ್ತು.

ಪಿಯುಸಿಯಲ್ಲಿ ಬಯಾಲಜಿ ಇಲ್ಲದವರಿಗೂ ಒಂದು ದಾರಿ ತೆರೆದಿದೆ. ಹನ್ನೆರಡನೆಯದು ಪಾಸಾದ ನಂತರ ಬಯಾಲಜಿಯಂಥ ವಿಷಯವನ್ನು ಮಾನ್ಯತೆ ಪಡೆದ ಬೋರ್ಡಿನಿಂದ ಹೆಚ್ಚುವರಿಯಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದು ಎಂದು ಎನ್‌ಎಂಸಿ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ಪಿಸಿಎಂ ಓದಿ, ಇಂಜಿನಿಯರಿಂಗ್‌ಗೂ ಹೋಗದೆ ಮನೆಯಲ್ಲಿ ಉಳಿದವರಿಗೆ ಇದು ದೊಡ್ಡ ವಿಷಯವೇ.

ಕೋರ್ಟ್ ನಿಜಕ್ಕೂ ಏನು ಹೇಳಿತು?

ಈಗ ಡೊಮಿಸೈಲ್ ವಿಷಯ. 2025ರ ಜನವರಿ 29ರಂದು ತನ್ವಿ ಬೆಹ್ಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇಷ್ಟು: ಸ್ನಾತಕೋತ್ತರ ವೈದ್ಯಕೀಯ ಕೋರ್ಸ್‌ಗಳಲ್ಲಿ, ಅಂದರೆ ಎಂಡಿ, ಎಂಎಸ್ ಸೀಟುಗಳಲ್ಲಿ, ವಾಸಸ್ಥಳದ ಆಧಾರದ ಮೀಸಲಾತಿ ಸಂವಿಧಾನಕ್ಕೆ ವಿರುದ್ಧ. ಕರ್ನಾಟಕಕ್ಕೆ ಈ ಪಾಠ ಹೊಸದೂ ಅಲ್ಲ. ನಮ್ಮ ರಾಜ್ಯದ ಪಿಜಿ ನಿಯಮದಲ್ಲಿದ್ದ ಇಂಥದ್ದೇ ಷರತ್ತನ್ನು 2014ರಲ್ಲೇ ಸುಪ್ರೀಂ ಕೋರ್ಟ್ ತೆಗೆದಿತ್ತು.

ಎಂಬಿಬಿಎಸ್‌ ವಿಷಯದಲ್ಲಿ ಕಾನೂನು ಬೇರೆ. 1984ರ ಪ್ರದೀಪ್ ಜೈನ್ ತೀರ್ಪಿನಿಂದ ಇಂದಿನವರೆಗೂ ನಿಲುವು ಒಂದೇ: ಎಲ್ಲ ಸೀಟುಗಳನ್ನೂ ರಾಜ್ಯದವರಿಗೇ ಇಡುವಂತಿಲ್ಲ, ಆದರೆ ಒಂದು ಪಾಲು ಇಡಬಹುದು. ಆ ನಿಲುವಿನ ಫಲವೇ ಸರಕಾರಿ ಕಾಲೇಜುಗಳ ಶೇ. 15 ಅಖಿಲ ಭಾರತ ಕೋಟಾ. ಉಳಿದ ಶೇ. 85 ರಾಜ್ಯದ್ದು. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 150 ಸೀಟುಗಳಿದ್ದರೆ, ಅವುಗಳಲ್ಲಿ 22-23 ಮಾತ್ರ ದೇಶದ ಎಲ್ಲರಿಗೂ ತೆರೆದದ್ದು. ಮಿಕ್ಕದ್ದು ‘ಕರ್ನಾಟಕದ ಅಭ್ಯರ್ಥಿ’ಗಳಿಗೆ.

2025ರ ಸೆಪ್ಟೆಂಬರ್‌ನಲ್ಲಿ ಇದೇ ಕೋರ್ಟ್ ತೆಲಂಗಾಣದ ನಿಯಮವನ್ನು ಎತ್ತಿ ಹಿಡಿದದ್ದನ್ನೂ ಮರೆಯಬಾರದು. ಅಲ್ಲಿ ಸ್ಥಳೀಯ ಅಭ್ಯರ್ಥಿ ಅನ್ನಿಸಿಕೊಳ್ಳಲು ಹನ್ನೆರಡನೆಯದರವರೆಗಿನ ಕೊನೆಯ ನಾಲ್ಕು ವರ್ಷ ಸತತವಾಗಿ ತೆಲಂಗಾಣದಲ್ಲೇ ಓದಿರಬೇಕು. ಕೋಚಿಂಗ್‌ಗೆಂದು ಪಕ್ಕದ ರಾಜ್ಯಕ್ಕೆ ಹೋದ ಮಕ್ಕಳು ತಮ್ಮ ಮನೆ ಇಲ್ಲೇ ಇದೆ ಎಂದು ವಾದಿಸಿದರೂ ನಿಯಮ ನಿಂತಿತು. ಅಂದರೆ ಎಂಬಿಬಿಎಸ್‌ನಲ್ಲಿ ‘ನಮ್ಮವರು ಯಾರು’ ಎಂದು ಹೇಳುವ ಅಧಿಕಾರ ರಾಜ್ಯದ ಕೈಯಲ್ಲಿ ಗಟ್ಟಿಯಾಗಿಯೇ ಇದೆ. ಹಾಗಾದರೆ ಕರ್ನಾಟಕ ಯಾರನ್ನು ನಮ್ಮವರು ಎನ್ನುತ್ತದೆ?

ಮನೆ ಎಲ್ಲಿ ಅಲ್ಲ, ಶಾಲೆ ಎಲ್ಲಿ

ಕರ್ನಾಟಕದಲ್ಲಿ ಸರಕಾರಿ ಸೀಟುಗಳ ಹಂಚಿಕೆ 2006ರ ನಿಯಮಗಳಂತೆ ನಡೆಯುತ್ತದೆ. ನಡೆಸುವುದು ಕೆಇಎ. ಮುಖ್ಯವಾದ ಷರತ್ತು ಇದು: ಅಭ್ಯರ್ಥಿ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದ ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಶಾಲೆ-ಕಾಲೇಜುಗಳಲ್ಲಿ ಓದಿರಬೇಕು. ಅದರ ಜೊತೆಗೆ ಎಸೆಸೆಲ್ಸಿ ಅಥವಾ ದ್ವಿತೀಯ ಪಿಯುಸಿ, ಎರಡರಲ್ಲಿ ಒಂದನ್ನಾದರೂ ಕರ್ನಾಟಕದಲ್ಲೇ ಪಾಸು ಮಾಡಿರಬೇಕು.

ಗಮನಿಸಿ, ಇಲ್ಲಿ ಆಧಾರ್ ಕಾರ್ಡ್ ಇಲ್ಲ, ರೇಷನ್ ಕಾರ್ಡ್ ಇಲ್ಲ, ವೋಟರ್ ಐಡಿ ಇಲ್ಲ. ನಾಡಕಚೇರಿಯಿಂದ ವಾಸಸ್ಥಳ ದೃಢೀಕರಣ ಪತ್ರ ಮಾಡಿಸಿಕೊಂಡು ಬಂದು ‘ಡೊಮಿಸೈಲ್ ಆಯಿತು’ ಎಂದು ಕುಳಿತವರು ಈ ಷರತ್ತನ್ನು ಓದಿಲ್ಲ. ಕರ್ನಾಟಕ ಕೇಳುವುದು ನೀವು ಎಲ್ಲಿ ವಾಸಿಸುತ್ತೀರಿ ಎಂದಲ್ಲ, ಎಲ್ಲಿ ಕಲಿತಿರಿ ಎಂದು.

ಕೆಲವು ಉದಾಹರಣೆ ಹಾಕಿ ನೋಡೋಣ.

ಭಟ್ಕಳದಲ್ಲಿ ಒಂದರಿಂದ ಹತ್ತರವರೆಗೆ ಓದಿ, ಎಸೆಸೆಲ್ಸಿ ಮಾಡಿ, ಪಿಯುಸಿಗೆ ಕೇರಳಕ್ಕೆ ಹೋದ ಹುಡುಗನಿಗೆ ತೊಂದರೆ ಇಲ್ಲ. ಹತ್ತು ವರ್ಷ ಆಯಿತು, ಎಸೆಸೆಲ್ಸಿಯೂ ಇಲ್ಲಿಯದೇ. ಐದನೆಯದರವರೆಗೆ ಜುಬೈಲ್‌ನಲ್ಲಿ ಓದಿ, ಆರರಿಂದ ಹನ್ನೆರಡರವರೆಗೆ ಹೊನ್ನಾವರದಲ್ಲಿ ಓದಿದವಳಿಗೆ ಸರಿಯಾಗಿ ಏಳು ವರ್ಷ, ಅವಳೂ ಒಳಗೆ. ಇನ್ನೊಬ್ಬ ಕುಮಟಾದಲ್ಲಿ ಎಂಟನೆಯದರವರೆಗೆ ಓದಿ, ಒಂಬತ್ತರಿಂದ ಹನ್ನೆರಡು ದುಬೈಯಲ್ಲಿ ಮಾಡಿದ. ವರ್ಷ ಎಂಟಾದರೂ ಎಸೆಸೆಲ್ಸಿಯೂ ಇಲ್ಲಿಲ್ಲ, ಪಿಯುಸಿಯೂ ಇಲ್ಲಿಲ್ಲ. ಈ ಷರತ್ತಿನಲ್ಲಿ ಅವನು ಹೊರಗೆ. ಅಲ್ಲಿ ಓದಿದ್ದು ಸಿಬಿಎಸ್‌ಇ ಸಿಲಬಸ್‌ನ ಇಂಡಿಯನ್ ಸ್ಕೂಲ್ ಆಗಿದ್ದರೂ ಲೆಕ್ಕ ಬದಲಾಗುವುದಿಲ್ಲ. ಶಾಲೆ ಕರ್ನಾಟಕದ ಒಳಗಿರಬೇಕು.

ಹಿಫ್ಝ್‌ಗೆಂದು ಎರಡು ಮೂರು ವರ್ಷ ಶಾಲೆ ಬಿಟ್ಟು ಮತ್ತೆ ಸೇರಿದ ಮಕ್ಕಳ ಮನೆಯವರು ಕೇಳುವುದುಂಟು. ಏಳು ವರ್ಷ ಒಂದೇ ಶಾಲೆಯಲ್ಲಿ ಆಗಬೇಕೆಂದಿಲ್ಲ. ಆದರೆ ಮಾನ್ಯತೆ ಇಲ್ಲದ ಕಡೆ ಕಲಿತ ವರ್ಷ ಈ ಏಳರಲ್ಲಿ ಸೇರುವುದಿಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ವರ್ಷಗಳನ್ನು ಬೆರಳು ಮಡಚಿ ಎಣಿಸಿಕೊಳ್ಳುವುದೇ ಒಳ್ಳೆಯದು.

ಉಮ್ಮನ ಏಳು ವರ್ಷ

ಗಲ್ಫ್‌ನಲ್ಲಿ ಬೆಳೆದ ಮಕ್ಕಳಿಗೆ ಇನ್ನೊಂದು ಷರತ್ತು ದಾರಿ ಕೊಡುತ್ತದೆ, ಇದು ಅನೇಕರಿಗೆ ಗೊತ್ತಿಲ್ಲ. ಮಗು ಪ್ರಥಮ ಮತ್ತು ದ್ವಿತೀಯ ಪಿಯುಸಿ ಎರಡನ್ನೂ ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಸಾಕು. ಹತ್ತನೆಯದರವರೆಗೆ ದಮ್ಮಾಮ್‌ನಲ್ಲಿ ಓದಿ ಪಿಯುಸಿಗೆ ಊರಿಗೆ ಬಂದ ಮಗು ಈ ಬಾಗಿಲಿನಿಂದ ಒಳಗೆ ಬರಬಹುದು.

ಎಷ್ಟೋ ಮನೆಗಳಲ್ಲಿ ಬಾಪ ಐದನೆಯದಕ್ಕೆ ಶಾಲೆ ಬಿಟ್ಟು ಅಂಗಡಿಗೋ ಗಲ್ಫಿಗೋ ಹೋದವರು. ಆದರೆ ಉಮ್ಮ ಹತ್ತನೆಯದರವರೆಗೆ ಓದಿರುತ್ತಾರೆ. 1919ರಲ್ಲಿ ಶುರುವಾದ ಭಟ್ಕಳದ ಅಂಜುಮನ್‌ನಂಥ ಸಂಸ್ಥೆಗಳು, ಊರೂರಿನ ಸರಕಾರಿ ಶಾಲೆಗಳು ಹೆಣ್ಣುಮಕ್ಕಳಿಗೆ ಕೊಟ್ಟ ಆ ಏಳೆಂಟು ವರ್ಷದ ಓದು ಇಂದು ಮೊಮ್ಮಕ್ಕಳ ಕಾಲಕ್ಕೆ ಮೆಡಿಕಲ್ ಸೀಟಿನ ಅರ್ಹತೆಯಾಗಿ ನಿಲ್ಲುತ್ತದೆ. ‘ಹುಡುಗಿಗೆ ಯಾಕೆ ಇಷ್ಟು ಓದು’ ಎಂದವರಿಗೆ ಇದಕ್ಕಿಂತ ಸರಳ ಉತ್ತರ ಬೇಡ. ಉಮ್ಮನ ಹಳೆಯ ಟಿ.ಸಿ. ಕಪಾಟಿನಲ್ಲಿದ್ದರೆ ಈಗಲೇ ತೆಗೆದು ಜೋಪಾನ ಮಾಡಿ.

ಮದುವೆಯಾಗಿ ಬಂದವಳು ಯಾವ ರಾಜ್ಯದವಳು?

ಈಗ ಹಿರಿಯ ವಿದ್ಯಾರ್ಥಿಗಳ ವಿಷಯಕ್ಕೆ ಬರೋಣ. ಏಳು ವರ್ಷದ ಷರತ್ತಿಗೆ ಕಾಲದ ಮಿತಿ ಇಲ್ಲ. ಕುಮಟಾದಲ್ಲಿ ತೊಂಬತ್ತರ ದಶಕದಲ್ಲಿ ಒಂದರಿಂದ ಹನ್ನೆರಡು ಓದಿದ ಹೆಂಗಸು, ನಂತರ ಹದಿನೈದು ವರ್ಷ ಸೌದಿಯಲ್ಲಿ ಇದ್ದು ಬಂದರೂ ಕರ್ನಾಟಕದ ಅಭ್ಯರ್ಥಿಯೇ. ಅವಳು ಇಲ್ಲಿ ಎಷ್ಟು ವರ್ಷ ಇರಲಿಲ್ಲ ಎಂದು ಯಾರೂ ಕೇಳುವುದಿಲ್ಲ.

ಇನ್ನೊಬ್ಬಳನ್ನು ನೋಡಿ. ಕಾಸರಗೋಡಿನಲ್ಲಿ ಹುಟ್ಟಿ, ಅಲ್ಲೇ ಹನ್ನೆರಡನೆಯದು ಮುಗಿಸಿ, ಹತ್ತೊಂಬತ್ತಕ್ಕೆ ಮದುವೆಯಾಗಿ ಭಟ್ಕಳಕ್ಕೆ ಬಂದವಳು. ಹದಿನೈದು ವರ್ಷದಿಂದ ಮನೆ ಇಲ್ಲಿ, ವೋಟು ಇಲ್ಲಿ, ರೇಷನ್ ಇಲ್ಲಿ, ಮಕ್ಕಳ ಶಾಲೆ ಇಲ್ಲಿ. ಆದರೂ ಏಳು ವರ್ಷದ ಷರತ್ತಿನಲ್ಲಿ ಅವಳು ಹೊರರಾಜ್ಯದವಳು. ಗಂಡನ ಓದು ಅವಳ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ವಾಸವಿರುವವಳಿಗೆ ಸೀಟಿನ ಹಕ್ಕಿಲ್ಲ, ವಾಸವಿಲ್ಲದೆ ಬಂದವಳಿಗೆ ಇದೆ. ಇಬ್ಬರಲ್ಲಿ ಯಾರ ಮೇಲೂ ದೂರಿಲ್ಲ. ಆದರೆ ಮದುವೆಯಾಗಿ ಊರು ಬದಲಿಸುವುದು ಹೆಣ್ಣು ಎಂಬ ಮೇಲೆ, ಈ ನಿಯಮದ ಭಾರ ಹೆಚ್ಚಾಗಿ ಹೊರುವುದೂ ಅವಳೇ.

ಗಡಿನಾಡಿನ ಷರತ್ತು ಇದೆಯಲ್ಲ ಎನ್ನಬಹುದು. ಇದೆ. ಮಂಜೇಶ್ವರ, ಕಾಸರಗೋಡು, ಹೊಸದುರ್ಗದ ತಾಲೂಕುಗಳು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್, ಗಡಹಿಂಗ್ಲಜ ತಾಲೂಕುಗಳ ನಿವಾಸಿಗಳು, ಅಲ್ಲೇ ಹತ್ತು ಅಥವಾ ಹನ್ನೆರಡು ಓದಿದವರು, ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಿ ಅರ್ಹರಾಗಬಹುದು. ಆದರೆ ನಿಯಮದಲ್ಲಿ ಮಾತೃಭಾಷೆ ಎಂದು ಬರೆದಿರುವುದು ಕನ್ನಡ, ತುಳು, ಕೊಡವ. ಬ್ಯಾರಿ ಇಲ್ಲ. ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ಕನ್ನಡ ಪತ್ರಿಕೆ ಓದಿ ಬೆಳೆದ ಬ್ಯಾರಿ ಹುಡುಗಿ ಮಾತೃಭಾಷೆಯ ಕಾಲಂನಲ್ಲಿ ಸತ್ಯ ಬರೆದರೆ ಷರತ್ತಿಗೆ ಹೊಂದುವುದಿಲ್ಲ. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಕೊಟ್ಟು ಭಾಷೆಯನ್ನು ಮಾನ್ಯ ಮಾಡಿದ ಸರಕಾರ, ಅದರ ಹಿಂದಿನ ವರ್ಷದ್ದಾದ ಈ ನಿಯಮದಲ್ಲಿ ಒಂದು ಪದ ಸೇರಿಸುವುದು ಕಷ್ಟದ ಕೆಲಸವಲ್ಲ. ನಮ್ಮ ಸಂಘಟನೆಗಳು ಲಿಖಿತವಾಗಿ ಕೇಳಬೇಕಾದ ಮೊದಲ ಬೇಡಿಕೆ ಇದೇ.

ಪಕ್ಕದ ಕೇರಳ ಇದನ್ನು ಬೇರೆ ರೀತಿ ನೋಡುತ್ತದೆ. ಅಲ್ಲಿ ಹುಟ್ಟು ಅಥವಾ ತಂದೆ-ತಾಯಿಯ ಹುಟ್ಟಿನ ದಾಖಲೆ ತೋರಿಸಿದರೆ, ಶಾಲೆ ಗಲ್ಫ್‌ನಲ್ಲಿ ಆದರೂ ಕೇರಳೀಯರೇ. ಹಾಗಾಗಿ ಕಾಸರಗೋಡಿನಿಂದ ಬಂದ ಸೊಸೆಗೆ ಇಲ್ಲಿ ಬಾಗಿಲು ಮುಚ್ಚಿದರೂ ತವರಿನ ಪಟ್ಟಿಯಲ್ಲಿ ಜಾಗ ಇರುತ್ತದೆ. ಕೇರಳ ಬೇರನ್ನು ಎಣಿಸುತ್ತದೆ, ತೆಲಂಗಾಣ ಕೊನೆಯ ನಾಲ್ಕು ವರ್ಷ ಎಣಿಸುತ್ತದೆ, ಕರ್ನಾಟಕ ಶಾಲೆಯ ಏಳು ವರ್ಷ ಎಣಿಸುತ್ತದೆ. ಮೂರಕ್ಕೂ ತಮ್ಮದೇ ಕಾರಣಗಳಿವೆ. ಬರೀ ವಿಳಾಸದ ಮೇಲೆ ಸೀಟು ಕೊಟ್ಟರೆ ಬಾಡಿಗೆ ಕರಾರು ಮಾಡಿಸಿಕೊಂಡು ಬರುವವರ ಸಾಲು ನಿಲ್ಲುತ್ತದೆ ಎಂಬ ಕರ್ನಾಟಕದ ಭಯ ಸುಳ್ಳಲ್ಲ. ಶಾಲೆಯ ದಾಖಲೆ ಹುಟ್ಟಿಸುವುದು ಅಷ್ಟು ಸುಲಭವಲ್ಲ. ಆದರೆ ಹತ್ತು ಹದಿನೈದು ವರ್ಷ ಇಲ್ಲೇ ಸಂಸಾರ ಮಾಡಿದವರಿಗೆ, ದಾಖಲೆ ಬಿಗಿಯಾಗಿ ನೋಡಿಯೇ, ಒಂದು ಷರತ್ತು ಸೇರಿಸಲು ಸಾಧ್ಯವಿದೆ.

ಹಣದಲ್ಲಿ ಅಂತರ ಎಷ್ಟು?

ಇಷ್ಟೆಲ್ಲ ಯಾಕೆ ಮುಖ್ಯ ಎಂದರೆ ಹಣ. ಇತ್ತೀಚಿನ ವರ್ಷಗಳಲ್ಲಿ ಸರಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ ಲಕ್ಷದೊಳಗೆ ಇದೆ. ಖಾಸಗಿ ಕಾಲೇಜಿನ ಸರಕಾರಿ ಕೋಟಾ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಖಾಸಗಿ ಕೋಟಾಕ್ಕೆ ಹೋದರೆ ಹತ್ತು ಲಕ್ಷ ದಾಟುತ್ತದೆ. ಕರ್ನಾಟಕದ ಅಭ್ಯರ್ಥಿ ಅಲ್ಲದವರಿಗೆ ಮೊದಲ ಎರಡು ಸಿಗುವುದಿಲ್ಲ. ಅವರಿಗೆ ಉಳಿಯುವುದು ಅಖಿಲ ಭಾರತ ಕೋಟಾ, ಖಾಸಗಿ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು. ಡೀಮ್ಡ್ ಸೀಟುಗಳಿಗೆ ವಾಸಸ್ಥಳದ ಪ್ರಶ್ನೆಯೇ ಇಲ್ಲ, ಆದರೆ ಅಲ್ಲಿಯ ಶುಲ್ಕ ಎಲ್ಲರಿಗೂ ಎಟುಕುವಂಥದ್ದಲ್ಲ.

ಎನ್‌ಆರ್‌ಐ ಕೋಟಾದ ಬಗ್ಗೆಯೂ ಒಂದು ಮಾತು. ‘ದುಬೈಯಲ್ಲಿ ಮಾಮ ಇದ್ದಾರೆ, ಅವರ ಹೆಸರಲ್ಲಿ ಹಾಕೋಣ’ ಎನ್ನುವ ಮನೆಗಳಿವೆ. ಪಂಜಾಬ್ ಸರಕಾರ ದೂರದ ಸಂಬಂಧಿಕರನ್ನೂ ಈ ಕೋಟಾಕ್ಕೆ ಸೇರಿಸಲು ಹೋದಾಗ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇದು ಮೋಸ ಎಂಬ ಕಟು ಮಾತನ್ನೇ ಬಳಸಿತು. ಏಜೆಂಟರು ಏನೇ ಹೇಳಲಿ, ಆ ದಾರಿ ಹಿಡಿಯುವ ಮುನ್ನ ಎರಡು ಸಲ ಯೋಚಿಸಿ.

ಮೀಸಲಾತಿಯ ಗೊಂದಲವೂ ಇದೆ. ರಾಜ್ಯದ ಪಟ್ಟಿಯಲ್ಲಿ 2ಬಿ ವರ್ಗಕ್ಕೆ ಶೇ. 4 ಇದೆ. 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ಇದನ್ನು ತೆಗೆಯಲು ಹೊರಟಿತ್ತು. ಸುಪ್ರೀಂ ಕೋರ್ಟ್‌ನಲ್ಲಿ ವಿಷಯ ಬಂದಾಗ ಹೊಸ ಆದೇಶ ಜಾರಿ ಮಾಡುವುದಿಲ್ಲ ಎಂದು ಸರಕಾರವೇ ಹೇಳಿತು, 2ಬಿ ಮುಂದುವರಿಯಿತು. ಆದರೆ ಅಖಿಲ ಭಾರತ ಕೋಟಾದಲ್ಲಿ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ. ಅದರಲ್ಲಿ ಕರ್ನಾಟಕದ ಮುಸ್ಲಿಮರನ್ನು ಸೇರಿಸುವಾಗ ನವಾಯತ, ಶೇಖ್, ಸೈಯದ್, ಪಠಾಣ್ ಮುಂತಾದ ಕೆಲವು ಗುಂಪುಗಳನ್ನು ಹೆಸರು ಹಿಡಿದು ಹೊರಗಿಟ್ಟಿದ್ದಾರೆ. ಅದೇ ಬೀದಿಯ ಎರಡು ಮನೆಗಳಲ್ಲಿ ರಾಜ್ಯದಲ್ಲಿ ಇಬ್ಬರೂ 2ಬಿ, ಕೇಂದ್ರದಲ್ಲಿ ಒಬ್ಬ ಒಬಿಸಿ, ಇನ್ನೊಬ್ಬ ಸಾಮಾನ್ಯ ವರ್ಗ ಆಗಬಹುದು. ನಮ್ಮ ಸರ್ಟಿಫಿಕೇಟಿನಲ್ಲಿ ಯಾವ ಹೆಸರು ಬರೆದಿದೆ ಎಂದು ಅರ್ಜಿಗೆ ಮುಂಚೆಯೇ ನೋಡಿಕೊಳ್ಳಿ. ಒಬಿಸಿ ಸಿಗದವರಿಗೆ ವರ್ಷದ ಆದಾಯ ಎಂಟು ಲಕ್ಷದೊಳಗಿದ್ದರೆ ಇಡಬ್ಲ್ಯೂಎಸ್ ಇದೆ. ಅದಕ್ಕೆ ಆಸ್ತಿಯ ಷರತ್ತೂ ಉಂಟು.

ವಲ್ಕಿ, ಉಪ್ಪೋಣಿ, ಮಿರ್ಜಾನದಂಥ ಹಳ್ಳಿಗಳಲ್ಲಿ ಹತ್ತನೆಯದರವರೆಗೆ ಓದಿದವರು ಶೇ. 15ರ ಗ್ರಾಮೀಣ ಮೀಸಲಾತಿಯನ್ನು ಮರೆಯಬಾರದು. ಒಂದರಿಂದ ಹತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಬೇರೆ. ಹಿರಿಯ ವಿದ್ಯಾರ್ಥಿಗಳಲ್ಲಿ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವರೇ ಜಾಸ್ತಿ, ಹಾಗಾಗಿ ಇದು ಅವರಿಗೆ ಅನುಕೂಲ.

ಕಾಗದದ ಕಷ್ಟ

ಅರ್ಹತೆ ಇರುವುದು ಒಂದು, ಅದನ್ನು ತೋರಿಸುವುದು ಇನ್ನೊಂದು. ಈಗಿನ ಮಕ್ಕಳ ಓದಿನ ವಿವರ ಶಿಕ್ಷಣ ಇಲಾಖೆಯ ಸ್ಯಾಟ್ಸ್ ವ್ಯವಸ್ಥೆಯಲ್ಲಿ ಇರುತ್ತದೆ. ಹದಿನೈದು ಇಪ್ಪತ್ತು ವರ್ಷ ಹಿಂದೆ ಓದಿದವರಿಗೆ ಆ ಸಂಖ್ಯೆಯೇ ಇಲ್ಲ. ಅವರು ಓದಿದ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬರೆಸಿ, ಅದಕ್ಕೆ ಆ ತಾಲೂಕಿನ ಬಿಇಒ ಅವರ ಮೇಲುಸಹಿ ಮಾಡಿಸಬೇಕು. ಒಬ್ಬಳು ನಾಲ್ಕನೆಯದರವರೆಗೆ ಹೊನ್ನಾವರದಲ್ಲಿ, ಏಳರವರೆಗೆ ಕುಮಟಾದಲ್ಲಿ, ಹೈಸ್ಕೂಲು ಭಟ್ಕಳದಲ್ಲಿ ಓದಿದ್ದರೆ ಮೂರು ಬಿಇಒ ಆಫೀಸು ಹತ್ತಬೇಕು. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯಾದರೆ ಅದರ ದಾಖಲಾತಿ ರಿಜಿಸ್ಟರ್ ಎಲ್ಲಿ ಹೋಯಿತು ಎಂದು ಹುಡುಕುವುದು ಬೇರೆ ಕೆಲಸ. ಅದಕ್ಕೂ ಮೊದಲು ಕೇಳಬೇಕಾದ ಜಾಗ ಬಿಇಒ ಕಚೇರಿಯೇ.

ಹೆಸರಿನ ತೊಂದರೆ ಇನ್ನೂ ಸಾಮಾನ್ಯ. ಶಾಲೆಯಲ್ಲಿ ಒಂದು ಸ್ಪೆಲ್ಲಿಂಗ್, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು, ಮದುವೆಯ ನಂತರ ಆಧಾರ್‌ನಲ್ಲಿ ಗಂಡನ ಹೆಸರು ಸೇರಿ ಮೂರನೆಯದು. ಎಸೆಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಮೂಲ ಎಂದು ಹಿಡಿದು, ಉಳಿದದ್ದನ್ನು ಅದಕ್ಕೆ ಸರಿ ಹೊಂದಿಸಿಕೊಳ್ಳುವುದು ಜಾಣತನ. ಇದೆಲ್ಲ ಕೌನ್ಸೆಲಿಂಗ್ ಶುರುವಾದ ಮೇಲೆ ಮಾಡುವ ಕೆಲಸವಲ್ಲ. ನೀಟ್ ಅರ್ಜಿ ಬೇರೆ, ಕೆಇಎ ನೋಂದಣಿ ಬೇರೆ ಎಂಬುದೂ ನೆನಪಿರಲಿ. ನೀಟ್‌ನಲ್ಲಿ ಒಳ್ಳೆಯ ಮಾರ್ಕು ಬಂದು, ಕೆಇಎ ನೋಂದಣಿಯ ದಿನ ಕಳೆದುಹೋದರೆ ರಾಜ್ಯದ ಸೀಟು ಸಿಗುವುದಿಲ್ಲ.

ಇಲ್ಲಿ ಜಮಾಅತ್‌ಗಳು ಮಾಡಬಹುದಾದ ಕೆಲಸ ಇದೆ. ರಮಝಾನಿನಲ್ಲಿ ಸ್ಕಾಲರ್‌ಶಿಪ್ ಹಂಚುವಷ್ಟೇ ಮುಖ್ಯವಾದದ್ದು, ವರ್ಷಕ್ಕೊಮ್ಮೆ ಒಂದು ಭಾನುವಾರ ಕುಳಿತು ಊರಿನ ವಿದ್ಯಾರ್ಥಿಗಳ ಕಾಗದ ನೋಡುವುದು. ಯಾರಿಗೆ ಎಷ್ಟು ವರ್ಷ ಆಗಿದೆ, ಯಾವ ಸರ್ಟಿಫಿಕೇಟ್ ಇಲ್ಲ ಎಂದು ಬರೆದಿಟ್ಟರೆ ಸಾಕು. ಖರ್ಚು ಏನೂ ಇಲ್ಲ.

ಓದು ಮುಗಿಯುವಾಗ ಎಷ್ಟು ವಯಸ್ಸು?

ಮೇಲ್ಮಿತಿ ಹೋಯಿತೆಂದು ಎಲ್ಲರೂ ಹೊರಡಿ ಎಂದು ಹೇಳುವುದೂ ಪ್ರಾಮಾಣಿಕತೆಯಲ್ಲ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. 32ಕ್ಕೆ ಸೇರಿದವರು ಎಲ್ಲ ಸರಿಯಾದರೆ 38ರ ಹತ್ತಿರ ಹೊರಬರುತ್ತಾರೆ. ಪಿಜಿ ಎಂದರೆ ಇನ್ನೂ ಮೂರು. 2023ರ ಎನ್‌ಎಂಸಿ ನಿಯಮದಂತೆ ಮೊದಲ ವರ್ಷದ ಪರೀಕ್ಷೆಗೆ ನಾಲ್ಕು ಅವಕಾಶ, ಇಡೀ ಕೋರ್ಸ್ ಒಂಬತ್ತು ವರ್ಷದೊಳಗೆ ಮುಗಿಯಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದು ಹಾಸ್ಟೆಲ್‌ನಲ್ಲಿ ಇರಬೇಕಾದ ತಾಯಿಗೆ ಗಂಡ, ಅತ್ತೆ, ತವರು ಎಲ್ಲರ ಕೈ ಬೇಕು. ಶೈಕ್ಷಣಿಕ ಸಾಲ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಎಂದು ಲೆಕ್ಕ ಹಾಕುವವರು ಅವುಗಳಲ್ಲಿರುವ ವಯಸ್ಸಿನ, ಆದಾಯದ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು. ಕಾಲೇಜು ವಯಸ್ಸು ಕೇಳದಿದ್ದರೂ ಸಾಲ ಕೊಡುವವರು, ಸರಕಾರಿ ನೌಕರಿ ಕೊಡುವವರು ಕೇಳಬಹುದು.

ಜಾರ್ಜಿಯಾ, ಕಿರ್ಗಿಸ್ತಾನದ ಕಡೆ ಕೈ ತೋರಿಸುವ ಏಜೆಂಟರ ಮಾತಿಗೆ ಮರುಳಾಗುವ ಮುನ್ನ 2021ರ ಎನ್‌ಎಂಸಿ ನಿಯಮ ನೋಡಿ: ಕನಿಷ್ಠ 54 ತಿಂಗಳ ಇಂಗ್ಲಿಷ್ ಮಾಧ್ಯಮದ ಕೋರ್ಸ್, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಮತ್ತೆ ಭಾರತದಲ್ಲಿ ಪರೀಕ್ಷೆ ಪಾಸಾಗಿ 12 ತಿಂಗಳ ಇಂಟರ್ನ್‌ಶಿಪ್. ವಯಸ್ಸಾದ ವಿದ್ಯಾರ್ಥಿಗೆ ಇದು ಇನ್ನೂ ಉದ್ದದ ದಾರಿ.

ನಮ್ಮ ಜಿಲ್ಲೆಗೆ ಯಾರು ಬೇಕು?

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆ್ಯಂಬುಲೆನ್ಸ್ ಶಿರೂರು ಟೋಲ್ ಗೇಟ್‌ನಲ್ಲಿ ಮಗುಚಿ ನಾಲ್ವರು ತೀರಿಕೊಂಡದ್ದು ಯಾರೂ ಮರೆತಿಲ್ಲ. ಆಗ ಉತ್ತರ ಕನ್ನಡಕ್ಕೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಎಲ್ಲ ಸಮುದಾಯಗಳಿಂದಲೂ ಎದ್ದಿತು. ಇಂದಿಗೂ ಗಂಭೀರ ಕಾಯಿಲೆ ಎಂದರೆ ಮಣಿಪಾಲ, ಮಂಗಳೂರು, ಗೋವಾ ಎಂದೇ ಗಾಡಿ ಹೊರಡುತ್ತದೆ. ಕಟ್ಟಡ ಬಂದರೂ ಅದರಲ್ಲಿ ನಿಲ್ಲುವ ಡಾಕ್ಟರ್ ಬೇಕು. ಹದಿನೆಂಟಕ್ಕೆ ಸೇರಿದ ಬುದ್ಧಿವಂತ ಮಗು ಪಿಜಿ ಮಾಡಿ ಬೆಂಗಳೂರಿಗೋ ವಿದೇಶಕ್ಕೋ ಹೋಗುವುದು ಸಹಜ. ಮನೆ, ಮಕ್ಕಳು, ಸಂಸಾರ ಎಲ್ಲ ಕುಮಟಾದಲ್ಲಿ ಇರುವ ಮೂವತ್ತರ ಹೆಂಗಸು ಓದಿ ಮುಗಿಸಿ ಮರಳುವುದು ಕುಮಟಾಕ್ಕೇ. ತಾಲೂಕು ಆಸ್ಪತ್ರೆಯಲ್ಲಿ ಹತ್ತು ವರ್ಷ ನರ್ಸ್ ಆಗಿದ್ದವರಿಗೆ ರೋಗಿಯ ಭಾಷೆಯೂ ಗೊತ್ತು, ಊರಿನ ಕಷ್ಟವೂ ಗೊತ್ತು.

ರಾಜ್ಯ ತನ್ನವರಿಗೆ ಸೀಟು ಇಡುವುದು ಅವರು ಇಲ್ಲಿಯೇ ಸೇವೆ ಮಾಡಲಿ ಎಂಬ ಕಾರಣಕ್ಕೆ ಎಂದಾದರೆ, ಶಾಲೆಯ ಹಾಜರಿಯ ಜೊತೆಗೆ ಇಲ್ಲಿ ಉಳಿಯುವ ಮನಸ್ಸನ್ನೂ ಅಳೆಯಬೇಕು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲಿ ವಾಸವಿದ್ದು, ಓದಿನ ನಂತರ ಅದೇ ಜಿಲ್ಲೆಯಲ್ಲಿ ಇಂತಿಷ್ಟು ವರ್ಷ ಸೇವೆ ಮಾಡುತ್ತೇನೆಂದು ಬಾಂಡ್ ಬರೆದುಕೊಡುವವರಿಗೆ ಕೆಲವೇ ಸೀಟು ಇಟ್ಟರೂ ಸಾಕು. ಕಡ್ಡಾಯ ಗ್ರಾಮೀಣ ಸೇವೆಯ ಕಾಯ್ದೆಯನ್ನು 2012ರಲ್ಲೇ ಮಾಡಿದ ರಾಜ್ಯಕ್ಕೆ ಇದು ಹೊಸ ಯೋಚನೆಯೇನೂ ಅಲ್ಲ.

ನಿಯಮ ಬದಲಾಗುವವರೆಗೆ ಕಾಯುವ ಅಗತ್ಯವಿಲ್ಲದ ಕೆಲಸವೂ ಇದೆ. ನಿಮ್ಮದು, ನಿಮ್ಮ ಮಗಳದು, ಸೊಸೆಯದು ಒಂದರಿಂದ ಹನ್ನೆರಡರವರೆಗಿನ ಶಾಲೆಗಳ ಹೆಸರು ಒಂದು ಕಾಗದದಲ್ಲಿ ಬರೆಯಿರಿ. ಕರ್ನಾಟಕದ್ದೆಷ್ಟು ಎಂದು ಎಣಿಸಿ. ಏಳು ಆದರೆ, ಎಸೆಸೆಲ್ಸಿ ಅಥವಾ ಪಿಯುಸಿ ಇಲ್ಲಿಯದಾದರೆ, ನಾಳೆಯೇ ಆ ಶಾಲೆಯ ಹೆಡ್‌ಮಾಸ್ಟರ್ ಬಳಿ ಹೋಗಿ. ಆಗದಿದ್ದರೆ ಅಖಿಲ ಭಾರತ ಕೋಟಾದ ಲೆಕ್ಕ ಹಾಕಿ ಓದಲು ಕೂರಿ. ನೀಟ್ ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರ.